ಗಾಳೆಪ್ಪ ಮೇಷ್ಟ್ರ ಕೋಟು

“ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ! ಅದು ನಂದು ಫೋಟೋ!”

ಅಂಜಿನಿ ಟ್ರಂಕಿನ ಮೇಲೆ ಏರಿ ಕೂತುಬಿಟ್ಟಿದ್ದಳು. ಐದನೇ ಕ್ಲಾಸಿನ ಹುಡುಗಿ, ತೂಕ ಎಷ್ಟಿದ್ದೀತು? ಆದರೂ ಊರೆಲ್ಲ ಸೇರಿ ಎಳೆದರೂ ಅಲುಗುವುದಿಲ್ಲ ಅನ್ನುವ ಹಾಗೆ ಎರಡು ಕೈಯಲ್ಲೂ ಟ್ರಂಕಿನ ಅಂಚು ಹಿಡಿದುಕೊಂಡಿದ್ದಳು.

ಬಾಗಿಲಲ್ಲಿ ಇಬ್ಬರು ದೊಡ್ಡ ಮನುಷ್ಯರು ನಿಂತಿದ್ದರು. ಒಬ್ಬರು ಎಣ್ಣೆಮಿಲ್ಲಿನ ಮಂಜಣ್ಣ. ಕೊಟ್ಟೂರಿನಲ್ಲಿ ಯಾವ ಸಮಿತಿ ಆದರೂ ಅದಕ್ಕೆ ಅವರೇ ಅಧ್ಯಕ್ಷರು. ಸಮಿತಿ ಯಾವುದೂ ಇಲ್ಲದಿದ್ದರೆ ಬೇಜಾರಾಗಿ ತಾವೇ ಒಂದನ್ನು ಮಾಡಿಕೊಳ್ಳುತ್ತಿದ್ದರು. ಇನ್ನೊಬ್ಬರು ಶಾಲೆಯ ಹೆಡ್‌ಮೇಷ್ಟ್ರು. ಮಂಜಣ್ಣ ಏನು ಹೇಳಿದರೂ “ಹೌದ್ರಿ, ಖರೇನ ಐತ್ರಿ” ಅನ್ನುವುದು ಅವರ ಅಭ್ಯಾಸ. ಕೆಲವು ಸಲ ಮಂಜಣ್ಣ ಹೇಳುವ ಮೊದಲೇ ಅಂದುಬಿಡುತ್ತಿದ್ದರು.

“ಏನವ್ವಾ ದುರುಗಮ್ಮ, ನಿನ್ನ ಮಗಳು ಬ್ಯಾಂಕಿನ ಕಾವಲು ಪೊಲೀಸ್ ಆಗ್ಯಾಳಲ್ಲ?” ಎಂದು ಮಂಜಣ್ಣ ನಕ್ಕರು.

“ಹೌದ್ರಿ, ಖರೇನ ಐತ್ರಿ,” ಎಂದು ಹೆಡ್‌ಮೇಷ್ಟ್ರೂ ನಕ್ಕರು.

ಅಂಜಿನಿಯ ಅವ್ವ ದುರುಗಮ್ಮ ನಗಲಿಲ್ಲ. ಅವಳ ಗಂಡ ಓಬಣ್ಣ ಮಂಜಣ್ಣನ ಮಿಲ್ಲಿನಲ್ಲೇ ಶೇಂಗಾ ಮೂಟೆ ಹೊರುತ್ತಿದ್ದ. “ಕೊಡ್ತಾಳ್ರಿ ಸಾವ್ಕಾರ್ರೇ. ಸಣ್ಣಾಕಿ, ತಿಳುವಳಿಕಿ ಇಲ್ಲ. ಏ ಅಂಜಿನಿ, ಇಳಿ ಕೆಳಗ!”

“ಇಳಿಯಂಗಿಲ್ಲ!”

ವಿಷಯ ಇಷ್ಟೇ. ಹೋದ ವಾರ ಗಾಳೆಪ್ಪ ಮೇಷ್ಟ್ರು ತೀರಿಕೊಂಡಿದ್ದರು. ಅರ್ಧ ಊರಿಗೆ ಅಕ್ಷರ ಕಲಿಸಿದವರು ಅವರು. ಉಳಿದ ಅರ್ಧ ಊರಿಗೆ ಬೆಲ್ಲ, ಸೋಪು, ಬೆಂಕಿಪೊಟ್ಟಣ ಮಾರಿದವರೂ ಅವರೇ. ಅವರಿಗೊಂದು ಶ್ರದ್ಧಾಂಜಲಿ ಸಭೆ ಮಾಡಬೇಕು, ದೊಡ್ಡ ಫೋಟೋ ಮಾಡಿಸಿ ಶಾಲೆಯ ಗೋಡೆಗೆ ಹಾಕಬೇಕು ಎಂದು ಮಂಜಣ್ಣ ಕೂಡಲೇ ಒಂದು ಸಮಿತಿ ಮಾಡಿದರು.

ಮೇಷ್ಟ್ರು ಬದುಕಿದ್ದಾಗ ಶಾಲೆಯ ಸೋರುವ ಹೆಂಚು ಬದಲಾಯಿಸಿಕೊಡಿ ಎಂದು ಇದೇ ಮಂಜಣ್ಣನ ಮನೆಗೆ ಅಲೆದಲೆದು ಚಪ್ಪಲಿ ಸವೆಸಿದ್ದರು. ಆಗ ಸಮಿತಿಗೆ ಪುರುಸೊತ್ತಿರಲಿಲ್ಲ. ಮನುಷ್ಯ ತೀರಿಕೊಂಡ ಮೇಲೆ ಎಲ್ಲರಿಗೂ ಎಷ್ಟೊಂದು ಪುರುಸೊತ್ತು ಸಿಗುತ್ತದೆ!

ಆದರೆ ಫೋಟೋ ಎಲ್ಲಿಂದ ತರುವುದು? ಮೇಷ್ಟ್ರಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. “ದಿನಾ ನನ್ನ ಮಾರಿ ನೋಡಿ ನೋಡಿ ನಿಮಗ ಸಾಕಾಗಿಲ್ಲೇನು? ಮತ್ತ ಗೋಡಿಗೂ ತೂಗ್‌ಹಾಕ್ಬೇಕಾ?” ಅನ್ನುತ್ತಿದ್ದರು.

ಶಾಲೆಯಲ್ಲಿ ಒಂದು ಗ್ರೂಪ್ ಫೋಟೋ ಏನೋ ಇತ್ತು. ಮೇಷ್ಟ್ರು ರಿಟೈರ್ ಆಗುವ ವರ್ಷ ಮೂರನೇ ಕ್ಲಾಸಿನ ಮಕ್ಕಳ ಜೊತೆ ತೆಗೆಸಿದ್ದು. ಅದರಲ್ಲಿ ಮಕ್ಕಳಿದ್ದರು, ಹೆಡ್‌ಮೇಷ್ಟ್ರು ಇದ್ದರು, ಗಂಟೆ ಹೊಡೆಯುವ ಜವಾನ ಇದ್ದ. ಎಲ್ಲಿಂದಲೋ ಬಂದು ನಿಂತ ಒಂದು ನಾಯಿಯೂ ಇತ್ತು. ನಡುವಿನ ಕುರ್ಚಿಯಲ್ಲಿ ಇರಬೇಕಾಗಿದ್ದ ಮೇಷ್ಟ್ರು ಮಾತ್ರ ಇರಲಿಲ್ಲ. ಕುರ್ಚಿಯ ಮೇಲೆ ಅವರ ಕೊಡೆ ಇತ್ತು. ಕೊಡೆಗೆ ಹಾರ ಹಾಕಿದರೆ ಚೆನ್ನಾಗಿರುವುದಿಲ್ಲ ಎಂದು ಸಮಿತಿ ಬಹಳ ಹೊತ್ತು ಚರ್ಚೆ ಮಾಡಿ ಒಪ್ಪಿಕೊಂಡಿತು.

ಕೊನೆಗೆ ಫೋಟೋ ತೆಗೆಯುವ ಸುಂಕಪ್ಪ ತಲೆ ಕೆರೆದುಕೊಂಡು ಹೇಳಿದ: “ಮೇಷ್ಟ್ರು ಇರೋದು ಇನ್ನೊಂದು ಐತ್ರಿ. ಕೆಟ್ಟೋಗಿದ್ದ ಫೋಟೋ. ಹಮಾಲಿ ಓಬಣ್ಣನ ಮಗಳ ಹತ್ರ ಐತಿ.”

ಆ ಕೆಟ್ಟ ಫೋಟೋ ಈಗ ಟ್ರಂಕಿನಲ್ಲಿ, ಅವ್ವನ ಮದುವೆ ಸೀರೆಯ ಮಡಿಕೆಯೊಳಗೆ ಇತ್ತು. ಅದರ ಮೇಲೆ ಅಂಜಿನಿ ಕೂತಿದ್ದಳು.

* * *

ಆ ಫೋಟೋ ಕೆಟ್ಟದ್ದು ಹೇಗೆ ಎನ್ನುವುದು ಅಂಜಿನಿಗೆ ಚೆನ್ನಾಗಿ ನೆನಪಿತ್ತು. ಕೆಡಿಸಿದವಳು ಅವಳೇ.

ಫೋಟೋದ ದಿನ ಹುಡುಗಿಯರೆಲ್ಲ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿಕೊಂಡು ಬರಬೇಕೆಂದು ಹೆಡ್‌ಮೇಷ್ಟ್ರು ಆರ್ಡರ್ ಮಾಡಿದ್ದರು. ರಿಬ್ಬನ್ ಎಲ್ಲಿಂದ ತರಬೇಕೆಂದು ಆರ್ಡರಿನಲ್ಲಿ ಇರಲಿಲ್ಲ.

ಅಂಜಿನಿಯ ಹತ್ತಿರ ಇದ್ದದ್ದು ಒಂದೇ ರಿಬ್ಬನ್, ನೀಲಿ ಬಣ್ಣದ್ದು. ಅದನ್ನು ಒಂದು ಜಡೆಗೆ ಕಟ್ಟಿಕೊಂಡಳು. ಇನ್ನೊಂದಕ್ಕೆ ಅವ್ವನ ಹಳೆಯ ಸೀರೆಯ ಅಂಚು ಹರಿದು ಕಟ್ಟಿಕೊಂಡಳು. ಮೇಷ್ಟ್ರ ಕುರ್ಚಿಯ ಹಿಂದೆಯೇ ಬೆಂಚಿನ ಮೇಲೆ ಅವಳ ಜಾಗ. ಸೀರೆ ಅಂಚಿನ ಜಡೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು ನಿಂತಳು.

ಸುಂಕಪ್ಪ ಕರಿ ಬಟ್ಟೆಯೊಳಗೆ ತಲೆ ತೂರಿಸಿ ಕೂಗಿದ: “ಎಲ್ಲಾರೂ ಈ ಕಡೆ ನೋಡ್ರಿ! ನಗಬ್ಯಾಡ್ರಿ! ಅಳ್ಳಾಡಬ್ಯಾಡ್ರಿ! ಉಸ್ರು ಬಿಡಬ್ಯಾಡ್ರಿ!”

ಎಲ್ಲರೂ ಉಸಿರು ಹಿಡಿದರು. ಮೇಷ್ಟ್ರು ಮಾತ್ರ ಹಿಂದಕ್ಕೆ ತಿರುಗಿದರು. ಅಷ್ಟು ವರ್ಷ ಪಾಠ ಮಾಡಿದವರಿಗೆ, ಬೆನ್ನ ಹಿಂದೆ ಯಾರು ಏನನ್ನು ಬಚ್ಚಿಡುತ್ತಿದ್ದಾರೆ ಎನ್ನುವುದು ಕಿವಿಗೇ ಕಾಣುತ್ತಿತ್ತೋ ಏನೋ!

“ಏನ್ ಕಲೆಕ್ಟ್ರಮ್ಮಾರ, ಒಂದೇ ರಿಬ್ಬನ್ನಿನಾಗ ಬಂದೀರಿ? ಇನ್ನೊಂದು ಎಲ್ಲಿ? ಕಾಗಿ ಎತ್ಕೊಂಡ್ ಹೋತೇನು?”

“ಇಲ್ರಿ ಸಾರ್…”

“ಇದನ್ನಾದ್ರೂ ನೆಟ್ಟಗ ಕಟ್ಟೀಯಾ? ಎಮ್ಮಿಗೆ ಹಗ್ಗ ಬಿಗಿದಂಗ ಬಿಗಿದಿ. ಬಗ್ಗು ಇಲ್ಲಿ.”

ಅಂಜಿನಿ ಬಗ್ಗಿದಳು. ಅವಳ ಜಡೆ ಮೇಷ್ಟ್ರ ಭುಜದ ಮೇಲಿಂದ ಜಾರಿ ಎದೆಯ ಮೇಲೆ ಬಿತ್ತು. ಮೇಷ್ಟ್ರು ರಿಬ್ಬನ್ ಬಿಚ್ಚಿ, ಹೂವಿನ ಹಾಗೆ ಮಡಿಕೆ ಮಾಡಿ ಕಟ್ಟತೊಡಗಿದರು.

ಟಕ್!

“ಅಯ್ಯೋ ಮೇಷ್ಟ್ರೇ! ಕೆಡ್ಸಿಬಿಟ್ರಲ್ರಿ!” ಎಂದು ಸುಂಕಪ್ಪ ಬಟ್ಟೆಯೊಳಗಿಂದ ಹೊರಬಂದ.

“ಇನ್ನೊಂದು ತೆಗಿಯಂತಿ ತಡಿ. ಈ ಮಹಾರಾಣಿಗೆ ಇನ್ನೊಂದು ರಿಬ್ಬನ್ ತಂದೆ,” ಎಂದು ಮೇಷ್ಟ್ರು ಕುರ್ಚಿಯ ಮೇಲೆ ಕೊಡೆ ಇಟ್ಟು, ಶಾಲೆಯ ಎದುರಿಗೇ ಇದ್ದ ತಮ್ಮ ಅಂಗಡಿಗೆ ಓಡಿದರು.

ಸುಂಕಪ್ಪ ತಡೆಯಲಿಲ್ಲ. ಅವನಿಗೆ ಹಂಪಸಾಗರದಲ್ಲಿ ಒಂದು ಮದುವೆ ಇತ್ತು. ಮದುವೆ ನಾಳೆಯೂ ಇರುತ್ತಿತ್ತು, ಆದರೆ ಊಟ ಇವತ್ತೇ ಇತ್ತು. ಬಸ್ಸು ತಪ್ಪಬಾರದೆಂದು ಟಕ್ ಎಂದು ಇನ್ನೊಂದು ತೆಗೆದು, ಕ್ಯಾಮೆರಾ ಮಡಚಿದ.

ಮೇಷ್ಟ್ರು ಏದುಸಿರು ಬಿಡುತ್ತ ರಿಬ್ಬನ್ ಹಿಡಿದು ಬಂದಾಗ ಎಲ್ಲರೂ ಚದುರಿಹೋಗಿದ್ದರು.

“ಮುಗಿದೇ ಹೋತಾ? ಛಲೋ ಆತು. ನಾನಿಲ್ದ ಫೋಟೋ ಚಂದ ಬಂದಿರ್ತೈತಿ,” ಅಂದರು. ಆಮೇಲೆ ರಿಬ್ಬನ್ನನ್ನು ಅಂಜಿನಿಯ ಕೈಗೆ ಹಾಕಿದರು. “ಇದು ಬಣ್ಣ ಬಿಟ್ಟೈತಿ. ಯಾರೂ ಕೊಳ್ಳಂಗಿಲ್ಲ. ತಗೊಂಡ್ ಹೋಗಿ ನನ್ನ ಅಂಗಡಿ ಒಂಚೂರು ಸ್ವಚ್ಛ ಮಾಡು.”

ಬಣ್ಣ ಬಿಟ್ಟಿದ್ದ ಆ ರಿಬ್ಬನ್ ಹೊಸದಾಗಿ ಮಿಂಚುತ್ತಿತ್ತು.

ಕೆಲವು ದಿನದ ಮೇಲೆ ಮೇಷ್ಟ್ರು ಆ ಕೆಟ್ಟ ಫೋಟೋವನ್ನೂ ತಂದುಕೊಟ್ಟರು. “ತಗೋ, ನಿನ್ನ ಪ್ರತಾಪ. ಒಲಿ ಹಚ್ಚಾಕ ಬರ್ತೈತಿ.”

ಅಂಜಿನಿ ಒಲೆ ಹಚ್ಚಲಿಲ್ಲ. ಆ ಫೋಟೋದಲ್ಲಿ ಎಲ್ಲರೂ ಉಸಿರು ಹಿಡಿದು, ಕಣ್ಣು ಅಗಲಿಸಿ, ಮುಂದೆ ಯಾವುದೋ ಭೂತ ನಿಂತ ಹಾಗೆ ನೋಡುತ್ತಿದ್ದರು. ಇಬ್ಬರು ಮಾತ್ರ ಆ ಕಡೆ ನೋಡುತ್ತಿರಲಿಲ್ಲ.

* * *

“ಏ ಹುಡುಗಿ,” ಮಂಜಣ್ಣನ ದನಿ ಸ್ವಲ್ಪ ಗಟ್ಟಿಯಾಯಿತು. “ಮೇಷ್ಟ್ರ ಮ್ಯಾಲೆ ನಿನಗ ಭಕ್ತಿ ಐತಿಲ್ಲೋ?”

“ಐತ್ರಿ.”

“ಮತ್ತ ಕೊಡಾಕೇನು? ಅಪ್ಪಗ ಹೇಳಿ ಕೊಡಿಸ್ಬೇಕೇನು? ಓಬಣ್ಣ ಮಿಲ್ಲಿನಾಗ ಅದಾನ. ಕರೆ ಕಳಸ್ಲಾ?”

ದುರುಗಮ್ಮ ಮಗಳ ಹತ್ತಿರ ಬಂದಳು. ಬೈಯಲಿಲ್ಲ. ಅವಳ ಮಂಡಿಯ ಮೇಲೆ ಸುಮ್ಮನೆ ಕೈ ಇಟ್ಟಳು. ಆ ಕೈ ತಣ್ಣಗಿತ್ತು. ಅಂಜಿನಿ ಅವ್ವನ ಮುಖ ನೋಡಿ ಟ್ರಂಕಿನಿಂದ ಇಳಿದಳು.

ಫೋಟೋ ಹೊರಗೆ ತೆಗೆದರೂ ಕೈ ಬಿಡಲಿಲ್ಲ. “ವಾಪಸ್ ಕೊಡ್ಬೇಕ್ರಿ.”

“ಕೊಡೋಣಂತ.”

“ನನ್ನ ತಲಿ ಕತ್ತರಸಬಾರ್ದ್ರಿ. ಸುಂಕಪ್ಪ ಫೋಟೋ ಕತ್ತರಸ್ತಾನ. ನಮ್ಮ ಓಣಿ ಗಾಳೆಮ್ಮಾರ ಮನ್ಯಾಗ ಅವರಪ್ಪನ ಫೋಟೋ ಮಾಡಾಕ ಅವರವ್ವನ್ನ ಕತ್ತರಿಸಿ ಒಗದಾನ.”

“ನಿನ್ನ ತಲಿ ಕತ್ತರಸಂಗಿಲ್ಲ. ನಾನು ಹೇಳ್ತೀನಲ್ಲ? ಮಂಜಣ್ಣನ ಮಾತಂದ್ರ ಮಾತು.”

“ಹೌದ್ರಿ, ಖರೇನ ಐತ್ರಿ,” ಅಂದರು ಹೆಡ್‌ಮೇಷ್ಟ್ರು.

* * *

ಆ ಸಂಜೆ ಅವ್ವ ಬೆಲ್ಲ ತರಲು ಕಳಿಸಿದಳು. ಅಂಜಿನಿ ಕಾಲೆಳೆಯುತ್ತ ಮೇಷ್ಟ್ರ ಅಂಗಡಿಗೆ ಹೋದಳು.

ಅಂಗಡಿ ಮೇಷ್ಟ್ರ ಹೆಂಡತಿ ಈರಕ್ಕನ ಹೆಸರಿನಲ್ಲಿತ್ತು. ಆದರೆ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವವರೆಗೆ, ಸಂಜೆ ಗಂಟೆ ಹೊಡೆದ ಮೇಲೆ ಅಲ್ಲಿ ಕೂರುತ್ತಿದ್ದವರು ಮೇಷ್ಟ್ರು. ರಿಟೈರ್ ಆದ ಮೇಲಂತೂ ಇಡೀ ದಿನ ಅಲ್ಲೇ. ಹೀಗಾಗಿ ಮಕ್ಕಳಿಗೆ ಅವರಿಂದ ಬಿಡುಗಡೆ ಎನ್ನುವುದೇ ಇರಲಿಲ್ಲ. ಮೂಗು ಸೋರಿಸಿಕೊಂಡು ಹೋದವರಿಗೆ ಮೊದಲು ಗಡಿಗೆಯ ನೀರು, ಆಮೇಲೆ ಪೆಪ್ಪರಮಿಂಟು. ಪೆನ್ಸಿಲ್ ಕೊಂಡರೆ ಅಲ್ಲೇ ಬ್ಲೇಡಿನಿಂದ ಚೂಪು ಮಾಡಿ ಕೊಡುತ್ತಿದ್ದರು. “ಮನಿಗೆ ಹೋಗಿ ಹಲ್ಲಿಲೆ ಕಡದು ಚೂಪು ಮಾಡ್ತೀರಿ, ಇಲಿ ಮಕ್ಕಳು,” ಎಂದು ಬೈಗುಳ ಬೇರೆ.

ಬೆಲ್ಲ ತೂಗಿದ ಮೇಲೆ ಕೊಸರು ಎಂದು ಒಂದು ಚೂರು ಮೇಲೆ ಹಾಕುವುದು ಎಲ್ಲ ಅಂಗಡಿಯಲ್ಲೂ ಇತ್ತು. ಮೇಷ್ಟ್ರ ಅಂಗಡಿಯಲ್ಲಿ ಕೊಸರು ಬೇಕಾದರೆ ಮಗ್ಗಿ ಹೇಳಬೇಕಿತ್ತು. ಸರಿಯಾಗಿ ಹೇಳಿದರೆ ಒಂದು ಚೂರು. ತಪ್ಪು ಹೇಳಿದರೆ ಇನ್ನೂ ಸ್ವಲ್ಪ ದೊಡ್ಡ ಚೂರು. “ತಗೋ ಪಾಪ. ತಲಿಯಾಗಂತೂ ಏನೂ ಇಲ್ಲ, ಬಾಯಾಗಾದ್ರೂ ಬೆಲ್ಲ ಇರ್ಲಿ,” ಅನ್ನುತ್ತಿದ್ದರು. ಇದು ಗೊತ್ತಿದ್ದೂ ಯಾರೂ ಬೇಕಂತ ತಪ್ಪು ಹೇಳುತ್ತಿರಲಿಲ್ಲ. ಆ ಬೈಗುಳ ತಿಂದು ಬೆಲ್ಲ ತಿನ್ನುವುದು ಅಷ್ಟು ಸುಲಭ ಇರಲಿಲ್ಲ.

ಈಗ ತಕ್ಕಡಿ ಹಿಡಿದವಳು ಈರಕ್ಕಜ್ಜಿ. ಬೆಲ್ಲ ತೂಗಿ, ಸುಮ್ಮನೆ ಒಂದು ಚೂರು ಕೊಸರು ಹಾಕಿದಳು. ಅಂಜಿನಿ ಹೋಗಲಿಲ್ಲ. ನಿಂತೇ ಇದ್ದಳು.

“ಯಾಕವ್ವಾ? ಮತ್ತೇನರ ಬೇಕಾ?”

“ಮಗ್ಗಿ ಕೇಳ್ರಿ ಅಜ್ಜಿ.”

“ನನಗೆಲ್ಲಿ ಬರ್ತೈತವ್ವಾ ಮಗ್ಗಿ? ನೀನು ತಪ್ಪು ಹೇಳಿದ್ರೂ ನನಗ ಗೊತ್ತಾಗಂಗಿಲ್ಲ.”

“ಗೊತ್ತಾಗ್ದಿದ್ರೂ ಕೇಳ್ರಿ.”

ಈರಕ್ಕಜ್ಜಿ ತಕ್ಕಡಿ ಕೆಳಗಿಟ್ಟಳು. “ಹದಿಮೂರರದು ಹೇಳು,” ಅಂದಳು. ಅಂಜಿನಿ ಹೇಳಿದಳು. ಹದಿಮೂರೇಳಲೆ ಬಂದಾಗ ನಿಂತುಬಿಟ್ಟಳು. ಹದಿಮೂರೇಳಲೆಗೆ ಅವಳು ಯಾವಾಗಲೂ ತಪ್ಪುತ್ತಿದ್ದಳು. ಮೇಷ್ಟ್ರು ಅಲ್ಲೇ ಕಾಯುತ್ತ ಕೂತಿರುತ್ತಿದ್ದರು, ಮೀಸೆಯೊಳಗೇ ನಗುತ್ತ.

“ಫೋಟೋ ಒಯ್ದ್ರು ಅಜ್ಜಿ,” ಅಂದಳು.

“ಗೊತ್ತಾತು. ನನ್ನ ಹತ್ರಾನೂ ಬಂದಿದ್ರು. ‘ಒಂದು ಫೋಟೋ ಇಲ್ಲೇನಮ್ಮಾ?’ ಅಂದ್ರು. ‘ಅವರೇ ಮನ್ಯಾಗ ಇರ್ತಿದ್ರಲ್ಲ, ಫೋಟೋ ಯಾಕ ಬೇಕಿತ್ತು?’ ಅಂದೆ.” ಅಜ್ಜಿ ಬೆಲ್ಲದ ಅಚ್ಚಿನ ಮೇಲಿನ ಇರುವೆ ಊದಿದಳು. “ಆ ಫೋಟೋ ನಿನಗ ಹೆಂಗ ಬಂತು, ಗೊತ್ತಾ? ಸುಂಕಪ್ಪ ಕೆಟ್ಟದ್ದು ಅಂತ ಒಗಿಯಾಕ ಇಟ್ಟಿದ್ದ. ಇವರು ಹೋಗಿ ಜಗಳ ಆಡಿ ಪ್ರಿಂಟು ಹಾಕಿಸ್ಕೊಂಡು ಬಂದ್ರು. ‘ಅದ್ರಾಗ ನನ್ನ ಅರ್ಧ ಮಾರಿ ಐತಿ, ಅದಕ ಅರ್ಧ ರೊಕ್ಕ ತಗೋ’ ಅಂದ್ರಂತ.”

ಅಂಜಿನಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

“ಒಲಿ ಹಚ್ಚು ಅಂತ ಕೊಟ್ರು ನನಗ.”

“ಮತ್ತ? ಇಟ್ಕೋ ಅಂತ ಬಾಯಿ ಬಿಟ್ಟು ಹೇಳೋ ಮನಷಾ ಅಲ್ಲ ಬಿಡು ಅದು.”

* * *

ಸಭೆಯ ದಿನ ಬೆಳಿಗ್ಗೆ ಹೆಡ್‌ಮೇಷ್ಟ್ರು ಅಂಜಿನಿಯನ್ನು ಕರೆದು ಒಂದು ಲಕೋಟೆ ಕೊಟ್ಟರು. “ತಗೋ ನಿನ್ನ ಫೋಟೋ. ಅಧ್ಯಕ್ಷರು ಮಾತು ಉಳಿಸ್ಕೊಂಡಾರ ನೋಡು.”

ಅಂಜಿನಿ ಬಿಚ್ಚಿ ನೋಡಿದಳು.

ಫೋಟೋದ ನಡುವೆ ಒಂದು ದೊಡ್ಡ ತೂತಿತ್ತು. ಸುತ್ತಲೂ ಮಕ್ಕಳು ಕಣ್ಣು ಅಗಲಿಸಿ ನಿಂತಿದ್ದರು, ಜವಾನ ನಿಂತಿದ್ದ. ಮೇಷ್ಟ್ರು ಇದ್ದ ಕಡೆಗೆ ಅಂಗೈ ತೂರಿಸಿದರೆ ಆಚೆ ಬರುತ್ತಿತ್ತು. ತೂತಿನ ಅಂಚಿನಲ್ಲಿ ಅಂಜಿನಿ ಬಗ್ಗಿ ನಿಂತಿದ್ದಳು. ಯಾರಿಗೆ, ಯಾಕೆ ಬಗ್ಗಿದ್ದಾಳೆಂದು ಗೊತ್ತಾಗುವಂತಿರಲಿಲ್ಲ. ತಲೆ ಸರಿಯಾಗಿಯೇ ಇತ್ತು. ಕಿವಿಯಿಂದ ಕೆಳಗೆ ಜಡೆ ಇರಲಿಲ್ಲ.

“ತಲಿ ಕತ್ತರಸಂಗಿಲ್ಲ ಅಂದಿದ್ರು, ಕತ್ತರಸಿಲ್ಲ,” ಎಂದು ಹೆಡ್‌ಮೇಷ್ಟ್ರು ಎಲ್ಲೋ ನೋಡುತ್ತ ಹೇಳಿದರು. ಈ ಸಲ ಅವರು “ಖರೇನ ಐತಿ” ಅನ್ನಲಿಲ್ಲ.

ಅಂಜಿನಿ ಅಳಲಿಲ್ಲ. ಅಳು ಬರುವಷ್ಟು ಜಾಗವೂ ಎದೆಯಲ್ಲಿರಲಿಲ್ಲ, ಅಷ್ಟು ಸಿಟ್ಟಿತ್ತು. ಲಕೋಟೆಯನ್ನು ಪುಸ್ತಕದಲ್ಲಿ ಇಟ್ಟುಕೊಂಡು, ಇನ್ನು ಮೇಲೆ ದೊಡ್ಡವರಿಗೆ ಏನನ್ನೂ ಕೊಡಬಾರದು ಎಂದು ತೀರ್ಮಾನ ಮಾಡಿದಳು.

ಸಭೆ ಶಾಲೆಯ ಅಂಗಳದಲ್ಲಿ. ಶಾಮಿಯಾನ, ಕುರ್ಚಿ, ‘ಕುಂಯ್’ ಅನ್ನುವ ಮೈಕು. ಮೊದಲು ಮೈಕು ಮಾತಾಡಿತು, ಆಮೇಲೆ ಮಂಜಣ್ಣ. ಮುಂದಿನ ಸಾಲಿನಲ್ಲಿ ಈರಕ್ಕಜ್ಜಿಯನ್ನು ಶಾಲು ಹೊದಿಸಿ ಕೂರಿಸಿದ್ದರು. ಆ ಸೆಕೆಯಲ್ಲಿ ಶಾಲು ಹೊದ್ದು ಅವಳು ಬೆವರುತ್ತಿದ್ದಳು. ಅಂಜಿನಿಯನ್ನು ಕಂಡು ಕೈ ಹಿಡಿದೆಳೆದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಮಂಜಣ್ಣ ಪರದೆ ಎಳೆದರು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಫೋಟೋ ನೋಡಿ ಚಪ್ಪಾಳೆ ನಿಧಾನವಾಯಿತು.

ಚೌಕಟ್ಟಿನಲ್ಲಿ ಒಬ್ಬ ಗೃಹಸ್ಥರು ಕೂತಿದ್ದರು. ಕಪ್ಪು ಕೋಟು. ಕಪ್ಪು ಕೂದಲು. ಬಿಗಿದ ತುಟಿ. ಕೆನ್ನೆಗೆ ಗುಲಾಬಿ ಬಣ್ಣ. ಕೋಟಿನ ಮೇಲೆ ಒಂದು ಕೆಂಪು ಗುಲಾಬಿ ಹೂವು.

“ಯಾರವ್ವಾ ಇವರು?” ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು. “ಬಳ್ಳಾರಿ ಡಾಕ್ಟ್ರೇನು?”

ಗಾಳೆಪ್ಪ ಮೇಷ್ಟ್ರು ಜೀವಮಾನದಲ್ಲಿ ಕೋಟು ಹಾಕಿದವರಲ್ಲ. ಪಂಚೆ, ಬಳಪದ ಪುಡಿ ಮೆತ್ತಿದ ಬಿಳಿ ಅಂಗಿ, ಭುಜಕ್ಕೆ ಅಂಗಡಿಯ ಟವೆಲು. ಇನ್ನು ತುಟಿ ಬಿಗಿದು ಕೂತದ್ದನ್ನು ಅವರ ಹೆಂಡತಿಯೂ ನೋಡಿರಲಿಲ್ಲ.

“ಕೋಟು ನನ್ನ ಐಡಿಯಾ ರೀ,” ಎಂದು ಪಕ್ಕದಲ್ಲಿ ನಿಂತ ಸುಂಕಪ್ಪ ಯಾರಿಗೋ ಹೇಳುತ್ತಿದ್ದ. “ಬಾಯಿ ತೆರದಿತ್ತು, ಮುಚ್ಚಿದೆ. ಗುಲಾಬಿ ಹೆಂಗೈತಿ?”

ಮಂಜಣ್ಣ ಕಾಗದ ಹಿಡಿದು, ಭಾಷಣಕ್ಕೆಂದೇ ಇಟ್ಟುಕೊಂಡಿದ್ದ ದನಿಯಲ್ಲಿ ಶುರು ಮಾಡಿದರು: “ಬಂಧುಗಳೇ! ಗಾಳೆಪ್ಪ ಮೇಷ್ಟ್ರ ಎದೆಯ ಮ್ಯಾಲೆ ಸದಾ ಅರಳಿರುತ್ತಿದ್ದ ಆ ಗುಲಾಬಿಯನ್ನು ನಾವು ಮರೆಯಲು ಸಾಧ್ಯವೇ?”

ಊರಲ್ಲಿ ಒಂದೂ ಗುಲಾಬಿ ಗಿಡ ಇರಲಿಲ್ಲ. ಆದರೂ ಕೆಲವರು ನೆನಪಿದೆ ಎನ್ನುವ ಹಾಗೆ ತಲೆ ಆಡಿಸಿದರು.

ಅಂಜಿನಿ ಆ ಹೂವನ್ನೇ ನೋಡುತ್ತಿದ್ದಳು. ಅದರ ಮಡಿಕೆಗಳು ಎಲ್ಲೋ ನೋಡಿದ ಹಾಗಿದ್ದವು. ಪುಸ್ತಕದಿಂದ ಲಕೋಟೆ ತೆಗೆದು, ತೂತಿನ ಅಂಚಿನಲ್ಲಿ ಬಗ್ಗಿ ನಿಂತ ತನ್ನನ್ನು ನೋಡಿದಳು. ಕಿವಿಯ ಕೆಳಗೆ ಕತ್ತರಿ ಆಡಿದ ಜಾಗ. ಅಲ್ಲಿಂದ ಜಡೆ ಎಲ್ಲಿಗೆ ಹೋಗುತ್ತಿತ್ತು? ಮೇಷ್ಟ್ರ ಭುಜದ ಮೇಲೆ. ಅಲ್ಲಿಂದ ಎದೆಯ ಮೇಲೆ. ಮತ್ತೆ ತಲೆ ಎತ್ತಿ ಚೌಕಟ್ಟು ನೋಡಿದಳು. ಅದೇ ಭುಜದ ಮೇಲಿಂದ ಇಳಿದು ಬಂದಿತ್ತು, ಕೋಟಿನ ಕಪ್ಪು ಕಾಲರು. ಒಂದು ಕಡೆಯ ಕಾಲರು ಇನ್ನೊಂದಕ್ಕಿಂತ ಬಹಳ ದಪ್ಪವಾಗಿತ್ತು. ಜಡೆಯ ಹಾಗೆ.

ಅವಳು ಈರಕ್ಕಜ್ಜಿಯ ಸೆರಗು ಎಳೆದಳು.

“ಅಜ್ಜಿ,” ಎಂದು ಪಿಸುಗುಟ್ಟಿದಳು.

“ಹೂಂ. ಇವರಿಗೆ ಯಾವಾಗಿಂದ ಬಂತವ್ವಾ ಗುಲಾಬಿ ಹುಚ್ಚು? ನನಗಂತೂ ಒಂದು ಮಾರು ಮಲ್ಲಿಗಿ ತಂದವರಲ್ಲ.”

“ಅದು ಗುಲಾಬಿ ಅಲ್ರಿ ಅಜ್ಜಿ. ನನ್ನ ರಿಬ್ಬನ್ನು.”

“ಏನಂದಿ?”

“ನೀಲಿ ರಿಬ್ಬನ್ನು. ಕೆಂಪು ಬಳದಾರ. ಆ ಕಾಲರ್ ಐತಲ್ಲ, ಅದು ನನ್ನ ಜಡಿ.”

ಈರಕ್ಕಜ್ಜಿ ಚೌಕಟ್ಟು ನೋಡಿದಳು. ಅಂಜಿನಿಯ ಕೈಯಲ್ಲಿದ್ದ ತೂತಿನ ಫೋಟೋ ನೋಡಿದಳು. ಮತ್ತೆ ಚೌಕಟ್ಟು ನೋಡಿದಳು. ಅವಳ ಹೊಟ್ಟೆ ಕುಲುಕತೊಡಗಿತು. ಸೆರಗು ಬಾಯಿಗೆ ತುರುಕಿಕೊಂಡಳು. ಭುಜ ಕುಣಿಯತೊಡಗಿದವು. ಕಣ್ಣಲ್ಲಿ ನೀರು ಇಳಿಯಿತು.

“ನೋಡಿರಿ ಬಂಧುಗಳೇ!” ಮಂಜಣ್ಣನ ಗಂಟಲು ಭಾರವಾಯಿತು. “ಆ ತಾಯಿಯ ದುಃಖ ನೋಡಿರಿ!” ಜನರೆಲ್ಲ ಲೊಚಗುಟ್ಟಿದರು. ಈರಕ್ಕಜ್ಜಿ ಇನ್ನೂ ಜೋರಾಗಿ ಕುಲುಕಿದಳು. ಮಂಜಣ್ಣ ಮುಗಿಸಬೇಕೆಂದಿದ್ದ ಭಾಷಣವನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು.

“ಅವರ ನೋಟವನ್ನು ಗಮನಿಸಿರಿ! ನಮ್ಮ ಕಡೆ ನೋಡುತ್ತಿಲ್ಲ. ದೂರದಲ್ಲಿ ಕಾಣುತ್ತಿರುವ ನಾಡಿನ ಭವ್ಯ ಭವಿಷ್ಯದ ಕಡೆಗೆ ನೋಡುತ್ತಿದ್ದಾರೆ!”

“ಅಲ್ಲಿ ಏನಿತ್ತು?” ಅಜ್ಜಿ ಸೆರಗಿನೊಳಗಿಂದಲೇ ಕೇಳಿದಳು.

“ನನ್ನ ತಲಿ ರಿ.”

ಅಜ್ಜಿ ಅಂಜಿನಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅಂಜಿನಿಗೂ ತಿಳಿಯಲಿಲ್ಲ.

“ಹೇಳ್ಲಾ ಅಜ್ಜಿ ಎಲ್ಲಾರಿಗೂ?”

ಅಜ್ಜಿ ಕಣ್ಣು ಒರೆಸಿಕೊಂಡು ಮಂಜಣ್ಣನನ್ನು ನೋಡಿದಳು, ಸುಂಕಪ್ಪನನ್ನು ನೋಡಿದಳು. “ನಿನ್ನ ರಿಬ್ಬನ್ನು. ನಿನ್ನಿಷ್ಟ.”

ಅಂಜಿನಿ ಬಾಯಿ ತೆರೆದಳು. ಆಮೇಲೆ ಚೌಕಟ್ಟು ನೋಡಿದಳು. ಹೇಳಿದರೆ ಸುಂಕಪ್ಪ ಬ್ರಷ್ ತಂದು ಅದನ್ನೂ ಅಳಿಸಿಬಿಡುತ್ತಾನೆ.

ಬಾಯಿ ಮುಚ್ಚಿಕೊಂಡಳು.

* * *

ಫೋಟೋ ಶಾಲೆಯ ದೊಡ್ಡ ಕೋಣೆಯ ಗೋಡೆಗೆ ಹೋಯಿತು. ಅಲ್ಲಿ ಹೆಂಚು ಸೋರುತ್ತಿತ್ತು. ಅಷ್ಟು ಬೆಲೆಬಾಳುವ ಫೋಟೋ ನೆನೆಯಬಾರದೆಂದು ಮಂಜಣ್ಣ ಅದರ ಮೇಲಿನ ಹೆಂಚುಗಳನ್ನು ಮಾತ್ರ ಬದಲಾಯಿಸಿಕೊಟ್ಟರು. ಮಕ್ಕಳು ಕೂರುವ ಕಡೆ ಹಳೆಯ ಹೆಂಚುಗಳೇ ಉಳಿದವು. ಹೀಗೆ ಗಾಳೆಪ್ಪ ಮೇಷ್ಟ್ರು ಬದುಕಿದ್ದಾಗ ಆಗದ ಕೆಲಸವನ್ನು ತೀರಿಕೊಂಡ ಮೇಲೆ ಒಂದಿಷ್ಟು ಮಾಡಿಸಿದರು.

ಕೊಟ್ಟೂರಿಗೆ ಮಳೆ ಬರುವುದೇ ಅಪರೂಪ. ಬಂದರೆ ಮಾತ್ರ ಮೊದಲು ಶಾಲೆಯೊಳಗೇ ಬರುತ್ತಿತ್ತು. ಆ ವರ್ಷದ ಮೊದಲ ಮಳೆ ಮಧ್ಯಾಹ್ನ ಧೋ ಎಂದು ಸುರಿದಾಗ, ಮಕ್ಕಳೆಲ್ಲ ಚೀಲ ಎತ್ತಿಕೊಂಡು ಓಡಿ ಬಂದು ಮೇಷ್ಟ್ರ ಫೋಟೋದ ಕೆಳಗೆ ಒತ್ತೊತ್ತಾಗಿ ನಿಂತರು. ಇಡೀ ಶಾಲೆಯಲ್ಲಿ ಒಣ ಜಾಗ ಅದೊಂದೇ.

ಅಂಜಿನಿಯೂ ನಿಂತಳು. ಅವಳ ಮುಂದೆ ಒಂದನೇ ಕ್ಲಾಸಿನ ಒಂದು ಪುಟ್ಟ ಹುಡುಗಿ, ತಲೆಯೆಲ್ಲ ಒದ್ದೆ, ಒಂದು ರಿಬ್ಬನ್ ಬಿಚ್ಚಿ ಜೋತಾಡುತ್ತಿತ್ತು. ಅವಳು ಕತ್ತು ಎತ್ತಿ ಫೋಟೋ ನೋಡುತ್ತಿದ್ದಳು.

“ಅಕ್ಕಾ, ಈ ಅಜ್ಜ ಯಾಕ ಆ ಕಡೆ ನೋಡ್ತಾನ?”

ಅಂಜಿನಿ ನೋಡಿದಳು. ಬಿಗಿದ ತುಟಿಯ ಮೇಲೆ, ಸುಂಕಪ್ಪನ ಬ್ರಷ್ ಮುಟ್ಟದ ಆ ಎರಡು ಕಣ್ಣುಗಳು ಓರೆಯಾಗಿ ಕೆಳಗೆ ನೋಡುತ್ತಿದ್ದವು. ಸರಿಯಾಗಿ ಆ ಒದ್ದೆ ತಲೆಯ ಕಡೆಗೇ.

“ಮೊದ್ಲು ಆ ಕಡೆ ತಿರುಗು,” ಅಂದಳು ಅಂಜಿನಿ. “ಏನ್ ಕಲೆಕ್ಟ್ರಮ್ಮಾರ, ಹಿಂಗ ಬಂದೀರಿ ಶಾಲಿಗೆ? ಎಮ್ಮಿ ಹಗ್ಗ ಬಿಚ್ಕೊಂಡು ಬಂದಂಗ.”

ಹುಡುಗಿ ಕಿಸಕ್ಕನೆ ನಕ್ಕಳು. ಅಂಜಿನಿ ಆ ರಿಬ್ಬನ್ನಿನ ನೀರು ಹಿಂಡಿದಳು. ಮಡಿಕೆಯ ಮೇಲೆ ಮಡಿಕೆ ಹಾಕಿ, ಹೂವಿನ ಹಾಗೆ ಕಟ್ಟತೊಡಗಿದಳು.